ವಿಮಾನ ಇಳಿದ ಮೇಲಿನ ಹದಿಮೂರು ಕಿಲೋಮೀಟರ್

2021ರ ಜೂನ್ 15ರಂದು ಮಂಗಳೂರು-ಬಜ್ಪೆ ರಸ್ತೆಯ ಮರವೂರು ಸೇತುವೆ ಕುಸಿಯಿತು. ಫಲ್ಗುಣಿ ನದಿಯೊಳಗಿನ ಆಧಾರಕಂಬ ತಗ್ಗಿದ್ದರಿಂದ ಮೇಲಿನ ರಸ್ತೆ ಬಾಯಿಬಿಟ್ಟಿತ್ತು. ವಾಹನ ಸಂಚಾರವನ್ನು ತಕ್ಷಣ ನಿಲ್ಲಿಸಲಾಯಿತು. ಅಂದಿನಿಂದ ವಾರಗಟ್ಟಲೆ ಕಾಲ ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೋಗುವವರು ಒಂದೋ ಕೂಳೂರು, ಜೋಕಟ್ಟೆ, ಪೊರ್ಕೋಡಿಯ ಒಳರಸ್ತೆಗಳಲ್ಲಿ ತಡಕಾಡಬೇಕಾಯಿತು, ಇಲ್ಲವೇ ವಾಮಂಜೂರು, ಗುರುಪುರ ಕೈಕಂಬದ ಮೂಲಕ ಸುತ್ತು ಹೊಡೆಯಬೇಕಾಯಿತು. ನದಿಯಲ್ಲಿ ಮಿತಿಮೀರಿ ನಡೆದ ಮರಳುಗಾರಿಕೆಯೇ ಕಾರಣವೆಂಬ ಆರೋಪ ಕೇಳಿಬಂತು. ಒಂದಷ್ಟು ದಿನ ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಸೇತುವೆ ದುರಸ್ತಿಯಾಯಿತು. ಅಲ್ಲಿಗೆ ಎಲ್ಲರೂ ಅದನ್ನು ಮರೆತರು.

ಮರೆಯಲು ಇನ್ನೊಂದು ಕಾರಣವೂ ಇತ್ತು. ಅದು ಕೋವಿಡ್ ಎರಡನೇ ಅಲೆಯ ಕಾಲ. ವಿಮಾನಗಳು ವಿರಳವಾಗಿದ್ದವು, ಜನ ಮನೆಯಿಂದ ಹೊರಬೀಳುವುದೇ ಕಡಿಮೆಯಾಗಿತ್ತು. ಇದೇ ಸೇತುವೆ ಒಂದು ಸಾಮಾನ್ಯ ವರ್ಷದ ರಜಾದಿನಗಳಲ್ಲಿ, ಕೊಲ್ಲಿ ರಾಷ್ಟ್ರಗಳಿಂದ ಜನ ಕುಟುಂಬ ಸಮೇತ ಊರಿಗೆ ಮರಳುವ ಕಾಲದಲ್ಲಿ ಕುಸಿದಿದ್ದರೆ ಅದರ ಕಥೆ ಬೇರೆಯೇ ಆಗುತ್ತಿತ್ತು.

ಕರಾವಳಿಯ ಭೂಗೋಳ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಮಂಗಳೂರು ನಗರ ಫಲ್ಗುಣಿಯ ದಕ್ಷಿಣಕ್ಕಿದೆ, ವಿಮಾನ ನಿಲ್ದಾಣ ಉತ್ತರಕ್ಕಿದೆ. ಗುರುಪುರ ನದಿಯೆಂದೂ ಕರೆಸಿಕೊಳ್ಳುವ ಈ ಹೊಳೆಯನ್ನು ದಾಟದೆ ನಗರದಿಂದ ಯಾರೂ ವಿಮಾನ ಹತ್ತುವಂತಿಲ್ಲ. ದಾಟಲು ಪಶ್ಚಿಮಕ್ಕೆ ಕೂಳೂರು, ಪೂರ್ವಕ್ಕೆ ಗುರುಪುರ, ನೇರ ದಾರಿಯಲ್ಲಿ ಮರವೂರು ಇವೆ. ಕೂಳೂರು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದು, ಬಂದರಿನ ಲಾರಿಗಳಿಂದಲೂ ಕೈಗಾರಿಕೆಗಳ ಟ್ಯಾಂಕರುಗಳಿಂದಲೂ ಸದಾ ಇಕ್ಕಟ್ಟು. ಗುರುಪುರದಲ್ಲಿ ಬ್ರಿಟಿಷರ ಕಾಲದ ಸೇತುವೆಯ ಪಕ್ಕದಲ್ಲಿ 2020ರಲ್ಲಿ ಹೊಸ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಅದು ಒಂದು ವರ್ಷ ತಡವಾಗಿದ್ದರೆ ಮರವೂರು ಕುಸಿದ ದಿನ ಭಾರೀ ವಾಹನಗಳನ್ನು ಎಲ್ಲಿಗೆ ತಿರುಗಿಸುತ್ತಿದ್ದರೋ ತಿಳಿಯದು. ಇದನ್ನು ದೂರದೃಷ್ಟಿ ಎನ್ನಲಾಗದು, ಅದೃಷ್ಟ ಎನ್ನಬಹುದು.

ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯತೊಡಗಿ ಏಳು ದಶಕಗಳು ದಾಟಿವೆ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು. ಆಗ ಇದ್ದುದು ಸುಮಾರು 1,600 ಮೀಟರ್ ಉದ್ದದ ರನ್‌ವೇ. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನ ಹಾರಿತು. ಅಲ್ಲಿಯವರೆಗೆ ಕೊಲ್ಲಿಗೆ ಹೋಗುವ ಕರಾವಳಿಯ ಹುಡುಗ ಮುಂಬೈಗೆ ಬಸ್ಸಿನಲ್ಲೋ, 1998ರ ನಂತರವಾದರೆ ಕೊಂಕಣ ರೈಲಿನಲ್ಲೋ ಹೋಗಿ, ಯಾರದೋ ನೆಂಟರ ಖೋಲಿಯಲ್ಲಿ ರಾತ್ರಿ ಕಳೆದು ವಿಮಾನ ಹತ್ತುತ್ತಿದ್ದ. ಹೀಗಾಗಿ ದುಬೈ ವಿಮಾನ ಬಂದುದು ಇಲ್ಲಿನವರ ಪಾಲಿಗೆ ಹೊಸದೊಂದು ಸೌಕರ್ಯಕ್ಕಿಂತ ಹೆಚ್ಚಿನದಾಗಿತ್ತು. 2010ರ ಮೇ ತಿಂಗಳಲ್ಲಿ ಕೆಂಜಾರಿನ ಕಡೆ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. 2012ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣವೆಂಬ ಅಧಿಕೃತ ಸ್ಥಾನಮಾನ ಸಿಕ್ಕಿತು. 2020ರ ಅಕ್ಟೋಬರ್ ಕೊನೆಗೆ ನಿರ್ವಹಣೆ 50 ವರ್ಷಗಳ ಅವಧಿಗೆ ಅದಾನಿ ಸಮೂಹಕ್ಕೆ ಹೋಯಿತು. 2023ರಲ್ಲಿ ಹಗಲಿನ ವಿಮಾನಗಳನ್ನು ನಿಲ್ಲಿಸಿ ರನ್‌ವೇಗೆ ಹೊಸ ಡಾಂಬರು ಹೊದಿಕೆ ಹಾಕಿದರು, ಕೆಲವೇ ತಿಂಗಳಲ್ಲಿ ಮುಗಿಸಿದರು. ಹೇಳುವುದಾದರೆ ಬೇಲಿಯ ಒಳಗಿನ ಕೆಲಸ ಒಂದಾದ ಮೇಲೊಂದರಂತೆ ನಡೆದೇ ಇದೆ.

ನನ್ನ ತಕರಾರು ಬೇಲಿಯ ಹೊರಗಿನದು. ಆ ತಕರಾರಿಗೆ ಕರಾವಳಿಯ ಎದೆಯಲ್ಲಿ ಇನ್ನೂ ಮಾಯದ ಒಂದು ಗಾಯದ ಹಿನ್ನೆಲೆಯಿದೆ.

ಹೊಸ ಟರ್ಮಿನಲ್ ಉದ್ಘಾಟನೆಯಾದ ಒಂದು ವಾರಕ್ಕೆ, 2010ರ ಮೇ 22ರ ಬೆಳಗಿನ ಜಾವ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಏರ್ ಮಾರ್ಷಲ್ ಭೂಷಣ್ ಗೋಖಲೆ ಅವರ ನೇತೃತ್ವದ ವಿಚಾರಣಾ ಸಮಿತಿ, ಅಸ್ಥಿರವಾಗಿ ಕೆಳಗಿಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲಕ್ಕೇರಿಸದೆ ಮುಂದುವರಿದ ಕ್ಯಾಪ್ಟನ್‌ನ ನಿರ್ಧಾರವೇ ಅಪಘಾತಕ್ಕೆ ನೇರ ಕಾರಣವೆಂದಿತು. ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದನೆಂಬುದೂ ದಾಖಲಾಯಿತು. ಆ ಬಳಿಕ ಈ ರನ್‌ವೇ ಬಗ್ಗೆ ನಡೆದ ಚರ್ಚೆಗೆ ಲೆಕ್ಕವಿಲ್ಲ. ಅದರ ಉದ್ದ, ತುದಿಯ ಸುರಕ್ಷಾ ಪ್ರದೇಶ, ಎರಡೂ ಕಡೆಯ ಪ್ರಪಾತ ಎಲ್ಲವೂ ಚರ್ಚೆಯಾದವು. ಆಗಬೇಕಾದ್ದೇ.

ಆದರೆ ಆ ಬೆಳಗ್ಗೆ ನಡೆದುದರ ಇನ್ನೊಂದು ಭಾಗ ಚರ್ಚೆಯಿಂದ ಜಾರಿಹೋಯಿತು. ಕಣಿವೆಯ ಕಡೆಗೆ ಇಳಿಯುವ ದಾರಿ ಕಡಿದು, ಇಕ್ಕಟ್ಟು. ಮೊದಲು ಧಾವಿಸಿದವರು ಸುತ್ತಲಿನ ಊರಿನವರೇ. ಹೆಣಗಳನ್ನು ಹೊತ್ತವರೂ ಅವರೇ. ಗಾಯಾಳುಗಳ ಆಸ್ಪತ್ರೆಗಳಿರಲಿ, ಶವಾಗಾರವಿರಲಿ, ಎಲ್ಲವೂ ಇದ್ದುದು ನದಿಯಾಚೆಯ ನಗರದಲ್ಲಿ. ಆ್ಯಂಬುಲೆನ್ಸ್‌ಗಳು ದಾಟಬೇಕಾಗಿದ್ದುದು ಇದೇ ಫಲ್ಗುಣಿಯನ್ನು. ಹೀಗಿರುವಾಗ ಆ ದುರಂತದ ಹನ್ನೊಂದು ವರ್ಷಗಳ ಬಳಿಕ ವಿಮಾನ ನಿಲ್ದಾಣದ ನೇರ ದಾರಿಯ ಸೇತುವೆ ಮುನ್ಸೂಚನೆಯಿಲ್ಲದೆ ಕುಸಿಯಿತು ಎಂದರೆ ಅದನ್ನು ಬರಿಯ ಲೋಕೋಪಯೋಗಿ ಇಲಾಖೆಯ ದುರಸ್ತಿ ಕೆಲಸವೆಂದು ಭಾವಿಸುವುದು ಹೇಗೆ? ಟೇಬಲ್‌ಟಾಪ್ ರನ್‌ವೇ ಇರುವ ನಿಲ್ದಾಣಕ್ಕೆ ಸೇತುವೆಯೂ ಸುರಕ್ಷಾ ವ್ಯವಸ್ಥೆಯ ಅಂಗವೇ. ರನ್‌ವೇಯ ಘರ್ಷಣೆಯನ್ನು ಅಳೆದು ದಾಖಲಿಸುತ್ತೇವೆ. ನದಿಯೊಳಗಿನ ಕಂಬದ ಬುಡವನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷ ಮೂರೂ ಸೇತುವೆಗಳ ತಪಾಸಣಾ ವರದಿಯನ್ನು ಜಿಲ್ಲಾಡಳಿತ ಪ್ರಕಟಿಸಿದರೆ ಖಜಾನೆಗೇನೂ ದೊಡ್ಡ ಹೊರೆಯಾಗದು.

ದುರಂತದ ಮಾತು ಅಲ್ಲಿಗಿರಲಿ. ದಿನನಿತ್ಯದ ಸಂಗತಿಗೆ ಬರುತ್ತೇನೆ.

ಒಮ್ಮೆ ಸಂಬಂಧಿಕರೊಬ್ಬರನ್ನು ಕರೆತರಲು ನಡುರಾತ್ರಿ ಕೆಂಜಾರಿಗೆ ಹೋಗಿದ್ದೆ. ಅಬುಧಾಬಿಯ ವಿಮಾನ. ಹೊರಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಕಾರು ಹತ್ತಿ ಹೊರಟರು. ಮೂವತ್ತೈದರ ಆಸುಪಾಸಿನ ಒಬ್ಬಾತ ಮಾತ್ರ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಕಾಲಿನ ಬಳಿ ಇಟ್ಟುಕೊಂಡು ಕೂತಿದ್ದ. ಮಾತಾಡಿಸಿದೆ. ಸುಳ್ಯದ ಕಡೆಯವನು, ಕಟ್ಟಡದ ಕೆಲಸ, ಎರಡು ವರ್ಷದ ಮೇಲೆ ಊರಿಗೆ ಬಂದಿದ್ದಾನೆ. ಯಾರೂ ಬಂದಿಲ್ಲವೇ ಎಂದು ಕೇಳಿದರೆ ನಕ್ಕ. "ಅಷ್ಟು ದೂರದಿಂದ ಗಾಡಿ ಮಾಡಿಕೊಂಡು ಬರುವುದು ಯಾಕೆ ಸರ್, ಸುಮ್ಮನೆ ಖರ್ಚು. ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಮಕ್ಕಳಿಗೆ ಏನಾದರೂ ತೆಗೆದುಕೊಳ್ಳಬಹುದಲ್ಲ. ಬೆಳಗಾದ ಮೇಲೆ ಬಸ್ ಉಂಟು." ನಮ್ಮ ಕಾರಿನಲ್ಲಿ ಮಂಗಳೂರಿನವರೆಗೆ ಬನ್ನಿ ಎಂದೆವು. ಸಂಕೋಚಪಟ್ಟುಕೊಂಡೇ ಬಂದ. ಬಸ್ ನಿಲ್ದಾಣದ ಎದುರು ಇಳಿದಾಗ ಗಂಟೆ ಎರಡೂವರೆ. ಸುಳ್ಯದ ಮೊದಲ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಅರಬ್ಬೀ ಸಮುದ್ರವನ್ನು ದಾಟಲು ಆತನಿಗೆ ಹಿಡಿದುದು ಮೂರೂವರೆ ಗಂಟೆ. ಇಳಿದ ಮೇಲೆ ಮನೆ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು. ಅದರಲ್ಲಿ ಬಹುಪಾಲು ಪ್ರಯಾಣವಲ್ಲ, ಕಾಯುವುದು.

ವಿಮಾನಯಾನವೆಂದರೆ ಉಳ್ಳವರ ವಿಷಯ, ಅವರು ಟ್ಯಾಕ್ಸಿ ಮಾಡಿಕೊಂಡು ಹೋಗಲಿ ಬಿಡಿ ಎಂಬ ಮಾತನ್ನು ಬೆಂಗಳೂರಿನಲ್ಲಿ ಕೇಳಿದ್ದೇನೆ. ಮಂಗಳೂರಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಇಲ್ಲಿ ವಿಮಾನ ಹತ್ತುವವರಲ್ಲಿ ಗಾರೆಯವರು, ಅಡುಗೆಯವರು, ಚಾಲಕರು, ದಾದಿಯರು, ಅಂಗಡಿಯ ಸಹಾಯಕರು ಇದ್ದಾರೆ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ರೋಗಿಗಳು, ಹೊರರಾಜ್ಯಗಳಿಂದ ಓದಲು ಬರುವ ಮಕ್ಕಳು ಇದ್ದಾರೆ. ಇವರು ಟಿಕೆಟ್ಟಿನ ಜೊತೆಗೆ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನೂ ತೆರುತ್ತಾರೆ. ಅಭಿವೃದ್ಧಿ ಎಂಬ ಶಬ್ದದ ವ್ಯಾಪ್ತಿ ಟರ್ಮಿನಲ್‌ನ ಗಾಜಿನ ಬಾಗಿಲಿಗೆ ಮುಗಿಯುತ್ತದೆ, ಅಷ್ಟೇ.

ಬಸ್ಸಿನ ವಿಷಯದಲ್ಲಿ ಈ ಜಿಲ್ಲೆ ಹಿಂದುಳಿದದ್ದೂ ಅಲ್ಲ. 1914ರಷ್ಟು ಹಿಂದೆಯೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಮಂಗಳೂರಿನಲ್ಲಿ ಹುಟ್ಟಿತ್ತು. ನಾಡಿನ ಬೇರೆ ಕಡೆಗಳಲ್ಲಿ ಸರ್ಕಾರಿ ಬಸ್ಸುಗಳ ಏಕಸ್ವಾಮ್ಯವಿದ್ದಾಗಲೂ ಇಲ್ಲಿ ಖಾಸಗಿ ಬಸ್ಸುಗಳು ನಿಮಿಷ ಲೆಕ್ಕದಲ್ಲಿ ಓಡುತ್ತಿದ್ದವು, ಈಗಲೂ ಓಡುತ್ತಿವೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬಜ್ಪೆ, ಕಟೀಲು, ಕಿನ್ನಿಗೋಳಿ ಕಡೆಗೆ ಹೋಗುವ ಬಸ್ಸುಗಳಿಗೆ ಹಗಲಲ್ಲಿ ಕೊರತೆಯಿಲ್ಲ. ಆದರೆ ಅವು ಊರಿನ ಜನರಿಗಾಗಿ ಓಡುವ ಬಸ್ಸುಗಳು. ಎರಡು ಸೂಟ್‌ಕೇಸ್ ಹಿಡಿದವನನ್ನು ಕಂಡಕ್ಟರ್ ಒಲ್ಲದ ಮನಸ್ಸಿನಿಂದಲೇ ಹತ್ತಿಸಿಕೊಳ್ಳುತ್ತಾನೆ, ಅದರಲ್ಲಿ ಆತನ ತಪ್ಪಿಲ್ಲ, ಇಡಲು ಜಾಗವೇ ಇರುವುದಿಲ್ಲ. ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಗುಡ್ಡದ ಮೇಲಿನ ಟರ್ಮಿನಲ್‌ವರೆಗೆ ಆಟೊ ಹಿಡಿಯಬೇಕು. ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಈ ಬಸ್ಸುಗಳೂ ನಿಲ್ಲುತ್ತವೆ. ಕೊಲ್ಲಿಯ ವಿಮಾನಗಳು ಗಡಿಯಾರವನ್ನು ನೋಡಿ ಬರುವುದಿಲ್ಲ.

ಕೆಎಸ್‌ಆರ್‌ಟಿಸಿ 2022ರಲ್ಲಿ ಮಣಿಪಾಲದ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಹವಾನಿಯಂತ್ರಿತ ಬಸ್ ಓಡಿಸುವ ಪ್ರಯತ್ನ ಮಾಡಿತು. ಒಳ್ಳೆಯ ಪ್ರಯತ್ನವೇ. ಇಂತಹ ಸೇವೆಗಳ ಬಗ್ಗೆ ವಿಚಾರಿಸಿದಾಗಲೆಲ್ಲ ಅಧಿಕಾರಿಗಳಿಂದ ಸಿಗುವ ಉತ್ತರ ಒಂದೇ: ಪ್ರಯಾಣಿಕರು ಬರುವುದಿಲ್ಲ, ನಷ್ಟವಾಗುತ್ತದೆ. ನಷ್ಟದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಬಾರಿ, ವಿಮಾನಗಳ ವೇಳೆಗೆ ಸಂಬಂಧವಿಲ್ಲದಂತೆ ಓಡುವ ಬಸ್ಸನ್ನು ನೆಚ್ಚಿ ಯಾರು ತಾನೇ ಮನೆಯಿಂದ ಹೊರಡುತ್ತಾರೆ? ವಿಮಾನ ತಪ್ಪಿಸಿಕೊಳ್ಳುವ ಭಯ ಇದ್ದವನು ಬಸ್ ಬಂದೇ ಬರುತ್ತದೆ ಎಂಬ ಖಾತ್ರಿಯಾಗುವವರೆಗೆ ಟ್ಯಾಕ್ಸಿಯನ್ನೇ ಹಿಡಿಯುತ್ತಾನೆ. ಆ ಖಾತ್ರಿ ಹುಟ್ಟಲು ವರ್ಷವಾದರೂ ಬೇಕು. ಆರು ತಿಂಗಳು ನೋಡಿ, ಖಾಲಿ ಸೀಟು ಎಣಿಸಿ, ಬಸ್ ನಿಲ್ಲಿಸಿದರೆ ಖಾತ್ರಿ ಹುಟ್ಟುವುದೇ ಇಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಬೆಂಗಳೂರಿನವರು ದೂರದ ಬಗ್ಗೆ ಎಷ್ಟು ಗೋಳಾಡಿದ್ದರೆಂಬುದು ಈ ಪತ್ರಿಕೆಯ ಓದುಗರಿಗೆ ನೆನಪಿರಬಹುದು. ಬಿಎಂಟಿಸಿಯ ವಾಯುವಜ್ರ ಬಸ್ಸುಗಳು ನಗರದ ಹತ್ತಾರು ಕಡೆಗಳಿಂದ ಓಡತೊಡಗಿದವು. ಅವುಗಳಲ್ಲೂ ಕೆಲವು ಮಾರ್ಗಗಳು ಖಾಲಿ ಓಡಿದವು, ಕೆಲವನ್ನು ಬದಲಿಸಿದರು, ಆದರೆ ಸೇವೆಯನ್ನು ಕೈಬಿಡಲಿಲ್ಲ. ಇಂದು ಆ ಬಸ್ಸುಗಳಿಲ್ಲದ ದೇವನಹಳ್ಳಿಯನ್ನು ಊಹಿಸಿಕೊಳ್ಳುವುದು ಕಷ್ಟ. ಅಷ್ಟೇ ಅಲ್ಲ, ಕೆಎಸ್‌ಆರ್‌ಟಿಸಿ 2013ರಲ್ಲಿ ಆರಂಭಿಸಿದ ಫ್ಲೈಬಸ್, ಬೆಂಗಳೂರಿನೊಳಗೆ ಬಸ್ ಬದಲಿಸುವ ಕಷ್ಟವಿಲ್ಲದೆ ನಿಲ್ದಾಣದಿಂದಲೇ ಜನರನ್ನು ಮೈಸೂರಿಗೆ ಒಯ್ಯುತ್ತದೆ. ಅದೇ ನಿಗಮ ಕೆಂಜಾರಿನಿಂದ ಪುತ್ತೂರು, ಸುಳ್ಯಕ್ಕೊಂದು, ಉಡುಪಿ, ಕುಂದಾಪುರಕ್ಕೊಂದು, ಕಾಸರಗೋಡಿಗೊಂದು ಬಸ್ಸನ್ನು ರಾತ್ರಿಯ ವಿಮಾನಗಳಿಗೆ ಹೊಂದಿಸಿ ಓಡಿಸಲಾಗದೇ?

ಕಾಸರಗೋಡನ್ನು ಬೇಕೆಂದೇ ಹೆಸರಿಸಿದೆ. ಆ ಜಿಲ್ಲೆಯ ಉತ್ತರ ಭಾಗದವರಿಗೆ ಮಂಗಳೂರೇ ಹತ್ತಿರದ ನಗರ. ಆಸ್ಪತ್ರೆ, ಕಾಲೇಜು, ವ್ಯಾಪಾರ, ವಿಮಾನ ಎಲ್ಲಕ್ಕೂ ಅವರು ಇಲ್ಲಿಗೆ ಬರುತ್ತಿದ್ದರು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಅವರಿಗೆ ಇನ್ನೊಂದು ಬಾಗಿಲು ಸಿಕ್ಕಿದೆ. ಹೊಸ ನಿಲ್ದಾಣ ಬಂದಾಗ ಒಂದಷ್ಟು ಜನ ಆಚೆ ಹೋಗುವುದು ಸಹಜವೇ. ಆದರೆ ಟಿಕೆಟ್ ದರ ಹೆಚ್ಚುಕಡಿಮೆ ಒಂದೇ ಇದ್ದಾಗ ಆಯ್ಕೆ ನಿರ್ಧಾರವಾಗುವುದು ಮನೆಯಿಂದ ನಿಲ್ದಾಣಕ್ಕೆ ಎಷ್ಟು ಸುಲಭವಾಗಿ ಹೋಗಬಹುದು ಎಂಬುದರ ಮೇಲೆ. ನೇತ್ರಾವತಿಯನ್ನೂ ದಾಟಿ, ಪಂಪ್‌ವೆಲ್‌ನಲ್ಲಿ ನಿಂತು, ನಗರವನ್ನು ಸೀಳಿಕೊಂಡು ಬಂದು, ಮತ್ತೆ ಫಲ್ಗುಣಿಯನ್ನು ದಾಟುವ ದಾರಿ ಮಂಜೇಶ್ವರದವನಿಗೇ ಬೇಸರ ತರಿಸುತ್ತದೆ.

ಇನ್ನು ರೈಲು. ಇಲ್ಲಿನ ಪರಿಸ್ಥಿತಿ ಯಾರಿಗಾದರೂ ವಿಚಿತ್ರವಾಗಿ ಕಂಡೀತು. ವಿಮಾನ ನಿಲ್ದಾಣದ ಗುಡ್ಡದಿಂದ ಕೆಲವೇ ಕಿಲೋಮೀಟರ್ ದೂರದ ಜೋಕಟ್ಟೆಯಲ್ಲಿ ರೈಲು ನಿಲ್ದಾಣವಿದೆ. ಕೇರಳಕ್ಕೂ ಮುಂಬೈಗೂ ನಡುವೆ ಓಡುವ ರೈಲುಗಳು ಅದರ ಮೂಲಕವೇ ಸಾಗುತ್ತವೆ, ಹೆಚ್ಚಿನವು ನಿಲ್ಲದೆ. ಇಲ್ಲಿ ಒಂದಷ್ಟು ರೈಲುಗಳನ್ನು ನಿಲ್ಲಿಸಿ, ಗುಡ್ಡದವರೆಗೆ ಒಂದು ಮಿನಿ ಬಸ್ ಓಡಿಸಿದರೆ ಕಾಸರಗೋಡಿನಿಂದ ಉಡುಪಿ, ಕುಂದಾಪುರದವರೆಗಿನ ಇಡೀ ಕರಾವಳಿ ನಗರದ ದಟ್ಟಣೆಯನ್ನು ಮುಟ್ಟದೆ ವಿಮಾನ ನಿಲ್ದಾಣ ತಲುಪುತ್ತದೆ. ಹೊಸ ಹಳಿ ಬೇಡ, ಮೆಟ್ರೊ ಬೇಡ, ಸಾವಿರಾರು ಕೋಟಿಯ ಯೋಜನಾ ವರದಿಯೂ ಬೇಡ. ಬೇಕಾದುದು ಒಪ್ಪಿಗೆ. ಆದರೆ ಮಂಗಳೂರಿನ ರೈಲು ಮೂರು ಮನೆಯ ಕೂಸು. ಸೆಂಟ್ರಲ್ ಮತ್ತು ಜಂಕ್ಷನ್ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ, ಹಾಸನದ ಕಡೆಯ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆಗೆ. ಪಾಲಕ್ಕಾಡಿನ ಅಧಿಕಾರಿಗೆ ಕೆಂಜಾರಿನ ವಿಮಾನದ ಚಿಂತೆ ಯಾಕಿರಬೇಕು ಎಂದು ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ದೇವನಹಳ್ಳಿಯ ಪಕ್ಕದಲ್ಲಿ ಹಳಿ ಇದ್ದೂ ವಿಮಾನ ನಿಲ್ದಾಣಕ್ಕೊಂದು ರೈಲು ತಂಗುದಾಣವಾಗಲು 2021ರವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಜೋಕಟ್ಟೆಯ ವಿಳಂಬ ಆಶ್ಚರ್ಯವನ್ನೇನೂ ಉಂಟುಮಾಡುವುದಿಲ್ಲ.

ಈ ನಿಲ್ದಾಣವನ್ನು ಮಂಗಳೂರಿನವರು ಹೊರೆಯೆಂದು ಭಾವಿಸಿಲ್ಲ, ಭಾವಿಸುವ ಸ್ಥಿತಿಯಲ್ಲೂ ಇಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಎಂದು ಹೇಳಲಾಗದು. ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ 57 ಸುರಂಗಗಳ ರೈಲು ಮಾರ್ಗವೂ 2018ರಲ್ಲಿ, ಮತ್ತೆ 2024ರ ಜುಲೈನಲ್ಲಿ ಗುಡ್ಡ ಜರಿದು ದಿನಗಟ್ಟಲೆ ಮುಚ್ಚಿತು. ಆಗ ರಾಜಧಾನಿಗೂ ಕರಾವಳಿಗೂ ನಡುವೆ ಉಳಿಯುವ ನೆಚ್ಚಿನ ದಾರಿ ಆಕಾಶವೊಂದೇ. ಅಂತಹ ವಾರಗಳಲ್ಲಿ ವಿಮಾನದ ಟಿಕೆಟ್ ದರ ಎಲ್ಲಿಗೇರುತ್ತದೆ ಎಂಬುದನ್ನು ಕರಾವಳಿಗರು ಬಲ್ಲರು. ಘಾಟಿ ಮುಚ್ಚಿ, ಅದೇ ಮಳೆಗೆ ಮರವೂರೂ ಮುಚ್ಚಿದರೆ?

ಹಾಗಾದರೆ ಈ ಹದಿಮೂರು ಕಿಲೋಮೀಟರ್ ಯಾರದು? 2019ರಲ್ಲಿ ಆರು ನಿಲ್ದಾಣಗಳ ಹರಾಜು ನಡೆದಾಗ ಮಂಗಳೂರಿಗೆ ಅದಾನಿ ಸಮೂಹ ಕೂಗಿದ ದರ, ದೇಶೀಯ ಪ್ರಯಾಣಿಕನೊಬ್ಬನಿಗೆ 115 ರೂಪಾಯಿ. ಅಂದರೆ ಇಲ್ಲಿ ಪ್ರತಿಯೊಬ್ಬ ಪ್ರಯಾಣಿಕನನ್ನೂ ಎಣಿಸಲಾಗುತ್ತದೆ, ತಲೆಗಿಷ್ಟು ಎಂದು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಸಲ್ಲುತ್ತದೆ. ಪ್ರಯಾಣಿಕರು ಹೆಚ್ಚಿದಷ್ಟೂ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ, ವಿಮಾನ ಸಂಸ್ಥೆಗಳಿಗೆ ಲಾಭ. ಆ ಪ್ರಯಾಣಿಕ ಬಾಗಿಲಿಂದ ಹೊರಗೆ ಕಾಲಿಟ್ಟೊಡನೆ ಲೆಕ್ಕದಿಂದ ಹೊರಬೀಳುತ್ತಾನೆ. ಸೇತುವೆ ಒಂದು ಇಲಾಖೆಯದು, ಹೆದ್ದಾರಿ ಇನ್ನೊಂದರದು, ಬಸ್ಸಿನ ಪರವಾನಗಿ ಸಾರಿಗೆ ಪ್ರಾಧಿಕಾರದ್ದು, ಬೀದಿದೀಪ ಸ್ಥಳೀಯ ಸಂಸ್ಥೆಯದು. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಹಾಗೆ ತೋರಿಸುವುದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲವೆಂಬುದೇ ದುರಂತ.

ಬಿಡಿಬಿಡಿಯಾದ ಮನವಿಗಳಿಂದ ಇದು ಬಗೆಹರಿಯದು. ತಲೆಗಿಷ್ಟೆಂದು ಬರುವ ಹಣದಲ್ಲಿ ಒಂದು ಸಣ್ಣ ಪಾಲನ್ನು ನಿಲ್ದಾಣದ ಸಂಪರ್ಕಕ್ಕೆಂದೇ ಮೀಸಲಿಟ್ಟು, ಅದರಿಂದ ಮೊದಲ ಎರಡು ವರ್ಷ ಬಸ್ಸಿನ ನಷ್ಟವನ್ನು ತುಂಬಿಕೊಡುವುದು ಸಾಧ್ಯವಿದೆ. ಕೇಂದ್ರ ಒಪ್ಪದಿದ್ದರೆ ರಾಜ್ಯವೇ ಆ ಹಣ ಕೊಡಲಿ. ಶಿವಮೊಗ್ಗ, ಕಲಬುರಗಿಯಲ್ಲಿ ನಿಲ್ದಾಣ ಕಟ್ಟಲು ಕೋಟಿಗಟ್ಟಲೆ ಸುರಿದ ರಾಜ್ಯಕ್ಕೆ ನಾಲ್ಕಾರು ಬಸ್ಸುಗಳ ನಷ್ಟ ದೊಡ್ಡದಲ್ಲ. ಖಾಸಗಿ ಬಸ್ ಮಾಲೀಕರನ್ನೂ ಹೊರಗಿಡಬೇಕಾಗಿಲ್ಲ. ಸಾಮಾನು ಇಡಲು ಜಾಗವಿರುವ, ಟರ್ಮಿನಲ್ ಬಾಗಿಲಿಗೇ ಬರುವ ಬಸ್ಸಿಗೆ ಪರವಾನಗಿ ಕೊಡುತ್ತೇವೆಂದರೆ ಮುಂದೆ ಬರುವವರು ಆ ಜಿಲ್ಲೆಯಲ್ಲಿ ಖಂಡಿತ ಇದ್ದಾರೆ. ಟ್ಯಾಕ್ಸಿಯವರು ವಿರೋಧಿಸಬಹುದು. ಅವರ ಹೊಟ್ಟೆಪಾಡಿನ ಮಾತನ್ನೂ ಕೇಳಬೇಕು. ಆದರೆ ಬೆಳಗಾಗುವವರೆಗೆ ಪೆಟ್ಟಿಗೆಯ ಪಕ್ಕ ಕೂರುವವನು ಇಂದೂ ಟ್ಯಾಕ್ಸಿಯವರ ಗಿರಾಕಿಯಲ್ಲ.

ಮೊದಲ ಹೆಜ್ಜೆಗೆ ಹಣವೂ ಬೇಡ. ಜಿಲ್ಲಾಧಿಕಾರಿಗಳು ನಿಲ್ದಾಣದ ನಿರ್ವಾಹಕರು, ಲೋಕೋಪಯೋಗಿ ಇಲಾಖೆ, ಸಾರಿಗೆ ನಿಗಮ, ಖಾಸಗಿ ಬಸ್ ಮಾಲೀಕರು ಹಾಗೂ ಮೂರೂ ರೈಲ್ವೆಗಳವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಬರುವ ಚಳಿಗಾಲದ ವಿಮಾನ ವೇಳಾಪಟ್ಟಿಯನ್ನು ಅವರ ಮುಂದಿಡಲಿ. ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ಇಳಿಯುವ ವಿಮಾನಗಳೆಷ್ಟು, ಅವುಗಳಿಂದ ಇಳಿದವರು ಹೋಗುವುದು ಯಾವ ತಾಲ್ಲೂಕುಗಳಿಗೆ ಎಂಬುದನ್ನು ಒಂದು ತಿಂಗಳು ಬಾಗಿಲಲ್ಲಿ ನಿಂತು ಕೇಳಿ ಬರೆದುಕೊಳ್ಳಲಿ. ಸುಳ್ಯದ ಬಸ್ ಎಷ್ಟು ಗಂಟೆಗೆ ಹೊರಡಬೇಕು ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.